ಕಾರು ಎಲ್ಲಿ ನಿಲ್ಲಬೇಕು ಅಂತ ಕೇಳುವ ಮೊದಲು

ನಮಸ್ಕಾರ. ಹಿಂದೆ ನಿಂತಿರುವವರು ಮುಂದೆ ಬನ್ನಿ, ಇಲ್ಲಿ ಇನ್ನೂ ಕುರ್ಚಿ ಇವೆ.

ನನ್ನನ್ನು ಕರೆದವರು ಒಂದು ಪ್ರಶ್ನೆ ಕೊಟ್ಟು ಕರೆದರು. ಬೆಂಗಳೂರಿನ ನಮ್ಮ ಗಾಂಧಿನಗರದ ಹಳೇ ಚಿತ್ರಮಂದಿರಗಳು ಒಂದೊಂದಾಗಿ ಒಡೆದು ಕಾಂಪ್ಲೆಕ್ಸ್, ಮಾಲ್, ಮಲ್ಟಿಪ್ಲೆಕ್ಸ್ ಆಗುತ್ತಿವೆ, ಇನ್ನು ಮುಂದೆ ಒಡೆಯುವ ಕಡೆ ಪಾರ್ಕಿಂಗ್ ಎಷ್ಟು ಇರಬೇಕು ಅಂತ ನೀವು ಹೇಳಿ ಅಂದರು. ಕೇಳಿದ್ದು ಸರಿಯಾಗಿಯೇ ಇದೆ, ನಾನು ಮೂವತ್ತು ವರ್ಷ ಕಟ್ಟಡದ ನಕ್ಷೆ ಬರೆದವನು. ಮೊದಲು ಬೋರ್ಡ್ ಮೇಲೆ ಪೆನ್ನು ಹಿಡಿದು, ಆಮೇಲೆ ಕಂಪ್ಯೂಟರಿನಲ್ಲಿ. ಬೇಸ್‌ಮೆಂಟಿನಲ್ಲಿ ಕಾರು ಕೂರಿಸುವ ಕೆಲಸವನ್ನೇ ಎಷ್ಟೋ ಸಲ ಮಾಡಿದ್ದೇನೆ. ಜೊತೆಗೆ ಕೆಂಪೇಗೌಡ ರಸ್ತೆ, ಅಂದರೆ ಕೆ.ಜಿ. ರಸ್ತೆಯ ಹಿಂದಿನ ಒಂದು ಗಲ್ಲಿಯಲ್ಲಿ ಹುಟ್ಟಿ ಬೆಳೆದವನು. ಎರಡೂ ಕಡೆಯಿಂದ ನೋಡಿದವನಾಗಿ ನನಗೆ ಅನಿಸಿದ್ದನ್ನು ಹೇಳಿಬಿಡುತ್ತೇನೆ. ಪಾರ್ಕಿಂಗ್ ಎಷ್ಟು ಅಂತ ಕೇಳಿ ಕೇಳಿಯೇ ನಾವು ನಮ್ಮ ರಸ್ತೆಗೆ ಟ್ರಾಫಿಕ್ ತಂದುಕೊಳ್ಳುತ್ತಿದ್ದೇವೆ. ನಾವು ಕೇಳಬೇಕಾದ್ದು, ಜನ ಇಲ್ಲಿಗೆ ಹೇಗೆ ಬರುತ್ತಾರೆ ಅಂತ.

ಕೆಲವರು ತಲೆ ಅಲ್ಲಾಡಿಸಿದ್ದು ಕಾಣಿಸಿತು. ಇರಲಿ, ಪೂರ್ತಿ ಕೇಳಿ.

ನಾನು ಸ್ಕೂಲಿಗೆ ಹೋಗುವಾಗ ಉಪ್ಪಾರಪೇಟೆ ಪೊಲೀಸ್ ಸ್ಟೇಷನ್ನಿನಿಂದ ಮೈಸೂರು ಬ್ಯಾಂಕ್ ಸರ್ಕಲ್‌ವರೆಗೆ ನಡೆದರೆ ಪೋಸ್ಟರ್ ನೋಡುತ್ತಲೇ ದಾರಿ ಮುಗಿಯುತ್ತಿತ್ತು. ಮೆಜೆಸ್ಟಿಕ್, ಸಾಗರ್, ಅಲಂಕಾರ್, ಕಲ್ಪನಾ, ಹಿಮಾಲಯ, ಗೀತಾ, ಸಂತೋಷ್, ನರ್ತಕಿ, ತ್ರಿಭುವನ್, ಆ ಕಡೆ ಸುಬೇದಾರ್ ಛತ್ರಂ ರಸ್ತೆಗೆ ಹೋದರೆ ಕಪಾಲಿ. ಹೆಚ್ಚು ಕಡಿಮೆ ಒಂದು ಕಿಲೋಮೀಟರಿನ ಆಸುಪಾಸಿನಲ್ಲಿ ಇಷ್ಟೊಂದು ಚಿತ್ರಮಂದಿರ. ಒಂದೊಂದರಲ್ಲೂ ನೂರಾರು ಸೀಟು, ಕಪಾಲಿಯಂಥದ್ದರಲ್ಲಿ ಸಾವಿರಕ್ಕೂ ಜಾಸ್ತಿ. ದಿನಕ್ಕೆ ನಾಲ್ಕು ಆಟ. ಹಬ್ಬದ ದಿನ ಎಲ್ಲ ಕಡೆ ಹೌಸ್‌ಫುಲ್ ಬೋರ್ಡ್ ಬಿದ್ದರೆ ಆ ರಸ್ತೆಯಲ್ಲಿ ಎಷ್ಟು ಸಾವಿರ ಜನ ಓಡಾಡಿರಬಹುದು, ನೀವೇ ಗುಣಿಸಿ ನೋಡಿ.

ಅಷ್ಟು ಜನರ ಕಾರು ಎಲ್ಲಿ ನಿಲ್ಲುತ್ತಿತ್ತು? ನಿಲ್ಲುತ್ತಲೇ ಇರಲಿಲ್ಲ, ಯಾಕೆಂದರೆ ಅವರು ಕಾರಿನಲ್ಲಿ ಬರುತ್ತಿರಲಿಲ್ಲ. ಬಸ್ಸಿಳಿದು ನಡೆದು ಬರುತ್ತಿದ್ದರು. ರೈಲಿಳಿದು, ಚೀಲ ಹೆಗಲಿಗೆ ಹಾಕಿಕೊಂಡು, ರಾತ್ರಿ ಊರಿನ ಬಸ್ಸಿಗೆ ಹೊತ್ತಿದೆ ಅಂತ ಒಂದು ಮ್ಯಾಟ್ನಿ ನೋಡುತ್ತಿದ್ದರು. ಕಾಟನ್‌ಪೇಟೆ, ಚಿಕ್ಕಪೇಟೆ, ಶ್ರೀರಾಮಪುರ, ಮಲ್ಲೇಶ್ವರದಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು.

ಸೈಕಲ್ ಸ್ಟ್ಯಾಂಡ್ ಬಗ್ಗೆ ಎರಡು ಮಾತು ಹೇಳಲೇಬೇಕು. ಥಿಯೇಟರಿನ ಪಕ್ಕದಲ್ಲಿ ಒಂದು ಉದ್ದನೆಯ ಓಣಿ. ಅದನ್ನು ಒಬ್ಬರು ಗುತ್ತಿಗೆ ಹಿಡಿದಿರುತ್ತಿದ್ದರು. ಗೇಟಿನಲ್ಲಿ ಅವರು ಒಂದು ಚೀಟಿ ಹರಿದು ಅರ್ಧ ಹ್ಯಾಂಡಲ್ಲಿಗೆ ಸಿಕ್ಕಿಸುತ್ತಿದ್ದರು, ಅರ್ಧ ನಮ್ಮ ಕೈಗೆ. ಒಳಗೆ ಹಗ್ಗ ಕಟ್ಟಿ ಸಾಲು ಮಾಡಿರುತ್ತಿದ್ದರು, ಬಾಲ್ಕನಿಯವರದು ಬೇರೆ, ಕಡಿಮೆ ಟಿಕೆಟ್ಟಿನ ಗಾಂಧಿ ಕ್ಲಾಸಿನವರದು ಬೇರೆ ಅಂತೇನೂ ಇರಲಿಲ್ಲ, ಮೊದಲು ಬಂದವರದು ಒಳಗೆ, ಕೊನೆಗೆ ಬಂದವರದು ಗೇಟಿನ ಹತ್ತಿರ. ಆಟ ಮುಗಿಯಲು ಹತ್ತು ನಿಮಿಷ ಇದೆ ಅನ್ನುವಾಗ, ಒಳಗಿನಿಂದ ಕ್ಲೈಮ್ಯಾಕ್ಸಿನ ಫೈಟಿನ ಸದ್ದು ಕೇಳುತ್ತಿದ್ದ ಹಾಗೆ, ಸ್ಟ್ಯಾಂಡಿನವರು ಎರಡೂ ಗೇಟು ತೆಗೆದು, ಹಗ್ಗ ಬಿಚ್ಚಿ, ಹೊರಗೆ ರಸ್ತೆಗೆ ಒಬ್ಬ ಹುಡುಗನನ್ನು ನಿಲ್ಲಿಸುತ್ತಿದ್ದರು. ಜನ ಹೊರಗೆ ಬಂದರೆ ಹತ್ತು ಹದಿನೈದು ನಿಮಿಷದಲ್ಲಿ ಇಡೀ ಓಣಿ ಖಾಲಿ. ನಾನು ಮನೆ ಮಹಡಿಯ ಮೇಲಿಂದ ಎಷ್ಟೋ ಸಲ ಇದನ್ನು ನೋಡಿದ್ದೇನೆ. ಆಮೇಲೆ ನಕ್ಷೆ ಬರೆಯುವಾಗ ನನಗೆ ಗೊತ್ತಾಯಿತು, ಅವರು ಮಾಡುತ್ತಿದ್ದದ್ದು ದೊಡ್ಡ ಕೆಲಸ ಅಂತ. ಜಾಗ ಎಷ್ಟಿದೆ ಅನ್ನುವುದಕ್ಕಿಂತ ಬಾಗಿಲು ಎಷ್ಟು ಬೇಗ ಖಾಲಿಯಾಗುತ್ತೆ ಅನ್ನುವುದರ ಮೇಲೆ ಅವರಿಗೆ ಕಣ್ಣಿತ್ತು.

ಹಾಗಂತ ಆಗ ಎಲ್ಲ ಚೆನ್ನಾಗಿತ್ತು ಅಂತ ನಾನು ಹೇಳುವುದಿಲ್ಲ. ಈ ಸಭೆಯಲ್ಲಿರುವ ಹಿರಿಯರು ನನ್ನ ಮಾತಿಗೆ ಒಪ್ಪುವುದೂ ಇಲ್ಲ. ದೊಡ್ಡ ಪಿಕ್ಚರ್ ರಿಲೀಸ್ ಆದ ದಿನ ನಾವು ಮನೆಯಿಂದ ಹೊರಗೆ ಕಾಲಿಡುವ ಹಾಗಿರುತ್ತಿರಲಿಲ್ಲ. ಕಟೌಟು, ಹಾರ, ಹಾಲಿನ ಅಭಿಷೇಕ, ಪಟಾಕಿ, ಬ್ಲಾಕ್ ಟಿಕೆಟ್ಟಿನವರ ಗಲಾಟೆ. 90ರ ದಶಕದ ಕೊನೆಯ ಹೊತ್ತಿಗೆ ಸೈಕಲ್ಲಿನ ಜಾಗಕ್ಕೆ ಸ್ಕೂಟರು ಬೈಕು ಬಂದಿದ್ದವು, ಕಾರೂ ಶುರುವಾಗಿದ್ದವು. ಸ್ಟ್ಯಾಂಡು ಸಾಲದೆ ಗಾಡಿಗಳು ನಮ್ಮ ಗಲ್ಲಿಗೆ ನುಗ್ಗಿದವು. ಅಂಥದ್ದೇ ಒಂದು ಶುಕ್ರವಾರ ನಮ್ಮ ಅಮ್ಮನಿಗೆ ಎದೆನೋವು ಬಂತು. ಆಟೋ ಗಲ್ಲಿಯ ತುದಿಗೆ ಬಂದು ನಿಂತಿತು, ಅಲ್ಲಿಂದ ಒಳಗೆ ಒಂದು ಅಡಿಯೂ ಬರಲಾಗಲಿಲ್ಲ. ನಮ್ಮ ಗೇಟಿಗೆ ಅಡ್ಡವಾಗಿ ಒಂದು ಕಾರು, ಅದರ ಪಕ್ಕ ಬೈಕುಗಳು ಒಂದಕ್ಕೊಂದು ತಾಗಿಕೊಂಡು. ನಾನೂ ನಮ್ಮಣ್ಣನೂ ಅಮ್ಮನನ್ನು ಊಟದ ಮನೆಯ ಮರದ ಕುರ್ಚಿಯಲ್ಲಿ ಕೂರಿಸಿ, ಕುರ್ಚಿಯನ್ನೇ ಎತ್ತಿಕೊಂಡು, ಬೈಕುಗಳ ಮೇಲೆ ಹಾಯಿಸಿ ಆಟೋವರೆಗೆ ಹೋದೆವು. ಎದುರು ಮನೆಯವರು ಬಂದು ಒಂದೊಂದೇ ಬೈಕು ಸರಿಸುತ್ತಾ ದಾರಿ ಮಾಡಿದರು. ಅಮ್ಮ ಉಳಿದರು, ಅದು ನಮ್ಮ ಪುಣ್ಯ. ಆ ಚಿತ್ರಮಂದಿರ ಯಾವುದು ಅಂತ ಹೇಳುವುದಿಲ್ಲ, ಅವರೊಬ್ಬರದೇ ತಪ್ಪು ಅಂತ ನನಗೆ ಅನಿಸಿಲ್ಲ. ಆದರೆ ಪಾರ್ಕಿಂಗ್ ಅನ್ನುವ ಮಾತು ನನಗೆ ಸುಮ್ನೆ ಮಾತಲ್ಲ, ಅದಕ್ಕೇ ಇದನ್ನು ಹೇಳಿದೆ.

ಈಗ ಆ ಚಿತ್ರಮಂದಿರಗಳಲ್ಲಿ ಬೆರಳೆಣಿಕೆಯಷ್ಟು ಉಳಿದಿವೆ. ಏರಿಯಾಕ್ಕೇ ತನ್ನ ಹೆಸರು ಕೊಟ್ಟ ಮೆಜೆಸ್ಟಿಕ್ ಹೋಯಿತು. ಅಲಂಕಾರ್ ಹೋಗಿ ಅಲಂಕಾರ್ ಪ್ಲಾಜಾ ಆಯಿತು. 1968ರಲ್ಲಿ ಶುರುವಾದ ಕಪಾಲಿ, ಆ ದೊಡ್ಡ ಬಾಗಿದ ಪರದೆಯ ಕಪಾಲಿ, 2017ರಲ್ಲಿ ಮುಚ್ಚಿತು. ಅಲ್ಲಿ ಈಗ ಮಾಲ್ ಮತ್ತು ಮಲ್ಟಿಪ್ಲೆಕ್ಸಿನ ಕಟ್ಟಡ. ಊರಿನ ಬೇರೆ ಕಡೆಯೂ ಇದೇ ಕಥೆ. ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಕೊನೆಯ ದಿನ ಕೊನೆಯ ಆಟ ಆಡಿತು. 1974ರಿಂದ ಇದ್ದ ಸ್ಯಾಂಕಿ ರಸ್ತೆಯ ಕಾವೇರಿ 2024ರಲ್ಲಿ ಹೋಯಿತು. 1936ರ ಪ್ಲಾಜಾ ಇದ್ದ ಜಾಗದಲ್ಲಿ ಎಂ.ಜಿ. ರಸ್ತೆಯ ಮೆಟ್ರೋ ಸ್ಟೇಷನ್ ಬಂತು. ಪ್ಲಾಜಾ ಹೋದದ್ದಕ್ಕೆ ನನಗೆ ಹೊಟ್ಟೆ ಉರಿಯುತ್ತೆ, ನಿಜ. ಆದರೆ ಒಂದನ್ನು ಗಮನಿಸಿ. ಆ ಜಾಗಕ್ಕೆ ಇವತ್ತು ಚಿತ್ರಮಂದಿರ ಇದ್ದಾಗಿನದಕ್ಕಿಂತ ಎಷ್ಟೋ ಜಾಸ್ತಿ ಜನ ಬಂದು ಹೋಗುತ್ತಾರೆ, ಅವರಲ್ಲಿ ಯಾರೂ ಕಾರು ಎಲ್ಲಿ ನಿಲ್ಲಿಸಲಿ ಅಂತ ಯೋಚಿಸಿ ಬರುವುದಿಲ್ಲ.

ಮಾಲೀಕರನ್ನು ಬಯ್ಯುವುದೂ ಬೇಡ. ಸಾವಿರ ಸೀಟಿನ ಹಾಲಿನಲ್ಲಿ ಮಂಗಳವಾರದ ಮಾರ್ನಿಂಗ್ ಶೋಗೆ ಮೂವತ್ತು ಜನ ಕೂತಿದ್ದರೂ ಕರೆಂಟು ಉರಿಯಲೇಬೇಕು, ಗೇಟ್ ಕೀಪರಿಗೆ ಸಂಬಳ ಕೊಡಲೇಬೇಕು. ಕೊರೊನಾ ಕಾಲದಲ್ಲಿ ತಿಂಗಳುಗಟ್ಟಲೆ ಬಾಗಿಲು ಹಾಕಿ ಕೂತರು. ಜನ ಮನೆಯಲ್ಲೇ ಮೊಬೈಲಿನಲ್ಲಿ ನೋಡುವುದು ಕಲಿತರು. ಅದೇ ಜಾಗದಲ್ಲಿ ಅಂಗಡಿ ಕಟ್ಟಿದರೆ ಸಿಗುವ ಬಾಡಿಗೆ ಎಷ್ಟು ಅಂತ ಇಲ್ಲಿರುವ ವ್ಯಾಪಾರದವರಿಗೆ ನಾನು ಹೇಳಬೇಕಾಗಿಲ್ಲ.

ಸರಿ, ಈಗ ನನ್ನ ಕಸುಬಿನ ಮಾತಿಗೆ ಬರುತ್ತೇನೆ. ಹಳೇ ಥಿಯೇಟರ್ ಒಡೆದು ಹೊಸದು ಕಟ್ಟುವಾಗ ನಕ್ಷೆ ಬರೆಯುವವನ ಮೇಜಿನ ಮೇಲೆ ಏನಾಗುತ್ತೆ?

ಮೊದಲು ಬರುವುದು ಲೆಕ್ಕ. ಇಷ್ಟು ಚದರ ಅಡಿ ಅಂಗಡಿಗೆ ಇಷ್ಟು ಕಾರು, ಇಷ್ಟು ಸೀಟಿಗೆ ಇಷ್ಟು ಕಾರು ಅಂತ ನಿಯಮ ಇರುತ್ತೆ. ಕೂಡಿಸಿದರೆ ಒಂದು ಸಂಖ್ಯೆ ಬರುತ್ತೆ. ಆ ಸಂಖ್ಯೆ ತೋರಿಸದೆ ಪ್ಲಾನ್ ಸ್ಯಾಂಕ್ಷನ್ ಆಗುವುದಿಲ್ಲ. ಆಗ ನನ್ನಂಥವನಿಗೆ ಕೆಲಸ. ನಕ್ಷೆಯಲ್ಲಿ ಕಾರು ಅಂದರೆ ಒಂದು ಚೌಕಟ್ಟು, ಎರಡೂವರೆ ಮೀಟರ್ ಅಗಲ, ಐದು ಮೀಟರ್ ಚಿಲ್ಲರೆ ಉದ್ದ. ಅದನ್ನು ಸಾಲಾಗಿ ಜೋಡಿಸುತ್ತಾ ಹೋಗುವುದು. ಮಧ್ಯದಲ್ಲಿ ಕಂಬಗಳು ಬರುತ್ತವೆ. ಕಂಬದ ಪಕ್ಕ ಬಾಗಿಲು ತೆಗೆಯಲು ಆಗದಂಥ ಜಾಗದಲ್ಲೂ ಒಂದು ಚೌಕಟ್ಟು ಕೂರುತ್ತೆ, ನಕ್ಷೆಯಲ್ಲಿ ಬಾಗಿಲು ತೆಗೆಯುವವರು ಯಾರೂ ಇಲ್ಲವಲ್ಲ. ಇಳಿಜಾರಿನ ತಿರುವಿನಲ್ಲಿ ಎರಡು ಕಾರು ಎದುರು ಬದುರು ಬಂದರೆ ಏನು ಅಂತ ಕೇಳುವವರು ಕಡಿಮೆ. ಸಂಖ್ಯೆ ಬಂದರೆ ಮುಗಿಯಿತು.

ಇಳಿಜಾರು, ತಿರುಗುವ ಜಾಗ ಎಲ್ಲ ಸೇರಿಸಿದರೆ ಬೇಸ್‌ಮೆಂಟಿನಲ್ಲಿ ಒಂದು ಕಾರಿಗೆ ಸುಮಾರು 30 ಚದರ ಮೀಟರ್ ಬೇಕು. ಅಂದರೆ ಮುನ್ನೂರು ಚದರ ಅಡಿಗೂ ಜಾಸ್ತಿ. ಚಿಕ್ಕಪೇಟೆಯಲ್ಲಿ ಹತ್ತು ಅಡಿಗೆ ಹತ್ತು ಅಡಿಯ ಅಂಗಡಿಯಲ್ಲಿ ಒಂದು ಸಂಸಾರ ಬದುಕಿದೆ. ಒಂದು ಕಾರಿನ ಜಾಗದಲ್ಲಿ ಅಂಥ ಮೂರು ಅಂಗಡಿ ಕೂರುತ್ತವೆ. ಇಷ್ಟು ಖರ್ಚು ಮಾಡಿ ನೆಲ ಅಗೆದು ಕಟ್ಟಿದ ಜಾಗವನ್ನು ಮಾಲೀಕರು ಖಾಲಿ ಬಿಡಲು ಒಪ್ಪುತ್ತಾರಾ? ಒಂದೋ ಕಾರು ತುಂಬಿಸಬೇಕು, ಇಲ್ಲ ಅದನ್ನು ಗೋಡೌನ್ ಮಾಡಬೇಕು. ಎರಡನ್ನೂ ನಾವು ನೋಡಿದ್ದೇವೆ. ನಾನೇ ಕಾರಿನ ಗೆರೆ ಎಳೆದಿದ್ದ ಒಂದು ಬೇಸ್‌ಮೆಂಟಿಗೆ ಕೆಲವು ವರ್ಷ ಬಿಟ್ಟು ಹೋದಾಗ ಅಲ್ಲಿ ಬಟ್ಟೆಯ ಬೇಲುಗಳಿದ್ದವು, ಪ್ಲಾಸ್ಟಿಕ್ ಸಾಮಾನಿನ ಪೆಟ್ಟಿಗೆಗಳು ಚಾವಣಿ ಮುಟ್ಟುವ ಹಾಗೆ. ನೆಲದ ಮೇಲೆ ಹಳದಿ ಬಣ್ಣದ ನನ್ನ ಗೆರೆಗಳು ಮಾತ್ರ ಇನ್ನೂ ಕಾಣುತ್ತಿದ್ದವು. ಅಲ್ಲಿಗೆ ಬರಬೇಕಿದ್ದ ಗಾಡಿಗಳು ಹೊರಗೆ ಫುಟ್‌ಪಾತಿನ ಮೇಲಿದ್ದವು.

ಅದು ಬೇಡ, ಬೇಸ್‌ಮೆಂಟ್ ಬೇಸ್‌ಮೆಂಟಾಗಿಯೇ ಇದೆ ಅಂತ ಇಟ್ಟುಕೊಳ್ಳೋಣ. ಮೂರು ಅಂತಸ್ತು, 300 ಕಾರು. ನೀವು ಆಕ್ಷೇಪಣೆ ಹಾಕಿದಿರಿ, ಅವರು ನಿಮ್ಮ ಮಾತಿಗೆ ಬೆಲೆ ಕೊಟ್ಟು ಇನ್ನೊಂದು ಅಂತಸ್ತು ಸೇರಿಸಿದರು. ನಾವೆಲ್ಲ ಗೆದ್ದೆವು ಅಂತ ಮನೆಗೆ ಹೋದೆವು. ಶನಿವಾರ ಸಂಜೆ ಏನಾಗುತ್ತೆ ನೋಡಿ. ಗೇಟಿನಲ್ಲಿ ಒಂದು ಅಡ್ಡಕಂಬಿ. ಕಾರು ನಿಲ್ಲಬೇಕು, ಗಾಜು ಇಳಿಸಬೇಕು, ಚೀಟಿ ತೆಗೆದುಕೊಳ್ಳಬೇಕು, ಡಿಕ್ಕಿ ತೆಗೆದು ತೋರಿಸಬೇಕು, ಕಂಬಿ ಏಳಬೇಕು. ಎಲ್ಲ ಚುರುಕಾಗಿ ಆದರೂ ಒಂದು ಕಾರಿಗೆ ಹನ್ನೆರಡು ಸೆಕೆಂಡ್ ಅಂತ ಹಿಡಿಯಿರಿ. ನಿಮಿಷಕ್ಕೆ ಐದು ಕಾರು. ಮೊದಲಿನ 300 ಕಾರು ಒಳಗೆ ಹೋಗಲು ಪೂರಾ ಒಂದು ಗಂಟೆ. ಆಟ ಶುರುವಾಗುವ ಮುಂಚಿನ ಅರ್ಧ ಗಂಟೆಯಲ್ಲಿ ಎಲ್ಲರೂ ಬಂದರೆ ಉಳಿದವರು ಎಲ್ಲಿರುತ್ತಾರೆ? ರಸ್ತೆಯ ಮೇಲೆ. ಒಂದು ಕಾರಿಗೆ ಆರು ಮೀಟರ್ ಅಂದರೂ ಇಪ್ಪತ್ತೈದು ಕಾರಿನ ಸಾಲು 150 ಮೀಟರ್. ಕೆ.ಜಿ. ರಸ್ತೆಯಲ್ಲಿ 150 ಮೀಟರ್ ಸಾಲು ನಿಂತರೆ ಹಿಂದೆ ಬಸ್ಸು ನಿಲ್ಲುತ್ತೆ, ಬಸ್ಸಿನ ಹಿಂದೆ ಆಟೋ, ಅದರ ಹಿಂದೆ ಮತ್ತೆ ನಮ್ಮ ಗಲ್ಲಿ. ಒಳಗೆ ಅರ್ಧ ಬೇಸ್‌ಮೆಂಟ್ ಖಾಲಿ ಇದ್ದಾಗಲೂ ಹೊರಗೆ ಜಾಮ್ ಇರುತ್ತೆ. ಪಾರ್ಕಿಂಗ್ ಜಾಸ್ತಿ ಮಾಡಿದಷ್ಟೂ ಈ ಸಾಲು ಉದ್ದವಾಗುತ್ತೆ, ಬಾಗಿಲು ಅಷ್ಟೇ ಅಗಲ ಇರುವುದರಿಂದ. ಸೈಕಲ್ ಸ್ಟ್ಯಾಂಡಿನವರಿಗೆ ಗೊತ್ತಿದ್ದದ್ದು ಇದೇ.

ಇಲ್ಲಿ ಪಾರ್ಕಿಂಗ್ ಸಿಗುತ್ತೆ ಅಂತ ಗೊತ್ತಾದರೆ ಮೆಟ್ರೋದಲ್ಲಿ ಬರಬಹುದಾಗಿದ್ದವರೂ ಕಾರು ತೆಗೆಯುತ್ತಾರೆ. ಇದು ಮನುಷ್ಯರ ಸಹಜ ಸ್ವಭಾವ. ನಾನೂ ಹಾಗೇ ಮಾಡುತ್ತೇನೆ, ನೀವೂ ಹಾಗೇ. ಬೆಂಗಳೂರಿನಲ್ಲಿ ನೋಂದಣಿಯಾದ ಗಾಡಿಗಳು 1 ಕೋಟಿ ದಾಟಿವೆ. ಅವುಗಳಿಗೆಲ್ಲ ಗಾಂಧಿನಗರದಲ್ಲಿ ಜಾಗ ಮಾಡಲು ಆಗುತ್ತಾ?

ಚಿತ್ರಮಂದಿರದ ಕೆಳಗೆ ಕಾರು ನಿಲ್ಲಿಸುವುದು ಹೊಸದೇನೂ ಅಲ್ಲ. ಮುಂಬೈನ ಕೊಲಾಬಾದಲ್ಲಿ ರೀಗಲ್ ಅಂತ ಇದೆ, 1933ರಲ್ಲಿ ಶುರುವಾದದ್ದು, ಆಗಲೇ ಅದರ ನೆಲದಡಿಯಲ್ಲಿ ಕಾರಿಗೆ ಜಾಗ ಮಾಡಿದ್ದರು. ಆದರೆ ಆ ಕಾಲದಲ್ಲಿ ಕಾರಿದ್ದವರು ಎಷ್ಟು ಜನ?

ಮತ್ತೊಂದು ಹೆಸರನ್ನು ಭಾರವಾದ ಮನಸ್ಸಿನಿಂದ ಹೇಳುತ್ತೇನೆ. ದೆಹಲಿಯ ಉಪಹಾರ್. 1997ರ ಜೂನ್ 13. ಮ್ಯಾಟ್ನಿ ನಡೆಯುತ್ತಿತ್ತು. ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲೇ ಟ್ರಾನ್ಸ್‌ಫಾರ್ಮರ್ ಇತ್ತು. ಅದಕ್ಕೆ ಬೆಂಕಿ ಬಿತ್ತು, ಅಲ್ಲಿದ್ದ ಕಾರುಗಳಿಗೆ ಹತ್ತಿತು, ಹೊಗೆ ಮೇಲೆ ಬಾಲ್ಕನಿಗೆ ಏರಿತು. ಬಾಲ್ಕನಿಯಲ್ಲಿ ಹೆಚ್ಚಿಗೆ ಸೀಟು ಹಾಕಿ ದಾರಿ ಮುಚ್ಚಿದ್ದರು. 59 ಜನ ಸತ್ತರು, ಮಕ್ಕಳೂ ಇದ್ದರು. ಆಮೇಲೆ ನಾನು ಯಾವ ಬೇಸ್‌ಮೆಂಟ್ ಬರೆದರೂ ಮೊದಲು ನೋಡುತ್ತಿದ್ದದ್ದು ಹೊಗೆ ಎಲ್ಲಿಂದ ಹೋಗುತ್ತೆ, ಜನ ಎಲ್ಲಿಂದ ಹೋಗುತ್ತಾರೆ ಅಂತ. ನೀವು ಪ್ಲಾನ್ ನೋಡಲು ಹೋದಾಗ ಕಾರಿನ ಸಂಖ್ಯೆ ಎಣಿಸುವ ಮೊದಲು ಇದನ್ನು ಕೇಳಿ. ಟ್ರಾನ್ಸ್‌ಫಾರ್ಮರ್ ಎಲ್ಲಿ? ಜನರೇಟರ್ ಎಲ್ಲಿ? ಫೈರ್ ಇಂಜಿನ್ ಕಟ್ಟಡದ ಸುತ್ತ ತಿರುಗುತ್ತಾ? ಕಟ್ಟಡದ ಸುತ್ತ ಖಾಲಿ ಬಿಡುವ ಸೆಟ್‌ಬ್ಯಾಕಿನ ಜಾಗದಲ್ಲಿ ಮುಂದೆ ಕಾರು ನಿಲ್ಲಿಸುವುದಿಲ್ಲ ಅಂತ ಏನು ಗ್ಯಾರಂಟಿ?

ಹಾಗಾದರೆ ಕಾರಿನಲ್ಲಿ ಬರುವವರು ಏನು ಮಾಡಬೇಕು ಅಂತ ಕೇಳುತ್ತೀರಿ. ವಯಸ್ಸಾದವರು, ಮಂಡಿನೋವಿನವರು, ಕೈಕೂಸಿನವರು ಬರಬೇಡವಾ? ಅವರು ಬರಲೇಬೇಕು. ಅವರಿಗೆ ಬೇಕಿರುವುದು ಬಾಗಿಲ ಹತ್ತಿರ ಇಳಿದು ಒಳಗೆ ಹೋಗುವ ಜಾಗ. ಅದಕ್ಕೆ ಕಟ್ಟಡದ ಒಳಗೇ ಒಂದು ತಿರುವು ಬಿಟ್ಟರೆ ಸಾಕು, ಆಟೋ, ಕ್ಯಾಬ್, ಕಾರು ಒಳಗೆ ಬಂದು ಇಳಿಸಿ ಆ ಕಡೆಯಿಂದ ಹೊರಟುಹೋಗುವ ಹಾಗೆ. ಇದನ್ನು ನಾನು ಎಷ್ಟೋ ನಕ್ಷೆಯಲ್ಲಿ ಬರೆದು ತೋರಿಸಿದ್ದೇನೆ. ಕೆಳಗಡೆ ಮುಂಭಾಗದ ಅಂಗಡಿ ಒಂದು ಕಡಿಮೆಯಾಗುತ್ತೆ ಅಂತ ತೆಗೆದುಹಾಕಿದ್ದಾರೆ. ಎದುರುಗಡೆಯ ಒಂದು ಅಂಗಡಿ ಬಿಟ್ಟುಕೊಡಿ ಅಂತ ನಾವು ಗಟ್ಟಿಯಾಗಿ ಕೇಳಬೇಕು.

ಉಳಿದವರ ಕಾರಿಗೆ ಜಾಗ ಆಗಲೇ ಇದೆ. ಫ್ರೀಡಂ ಪಾರ್ಕಿನ ಹತ್ತಿರ ಪಾಲಿಕೆ ಬಹುಮಹಡಿ ಪಾರ್ಕಿಂಗ್ ಕಟ್ಟಿ 2024ರಲ್ಲಿ ತೆರೆದಿದೆ, ಸುಮಾರು 550 ಕಾರು ನಿಲ್ಲುವಷ್ಟು. ಕೆ.ಜಿ. ರಸ್ತೆಯಿಂದ ನಡೆದುಹೋಗುವ ದೂರ. ಆದರೂ ಶುರುವಿನಲ್ಲಿ ಅಲ್ಲಿಗೆ ಹೋದ ಕಾರು ಕಡಿಮೆ. ರಸ್ತೆ ಬದಿಯಲ್ಲಿ ಪುಕ್ಕಟೆ ಜಾಗ ಸಿಗುವಾಗ ದುಡ್ಡು ಕೊಟ್ಟು ನಿಲ್ಲಿಸಿ ಹತ್ತು ನಿಮಿಷ ನಡೆಯುವವರು ಯಾರು? ಅಮೆರಿಕದಲ್ಲಿ ಡೊನಾಲ್ಡ್ ಶೂಪ್ ಅಂತ ಒಬ್ಬ ಪ್ರೊಫೆಸರ್ ಇದ್ದರು, ಬದುಕೆಲ್ಲ ಪಾರ್ಕಿಂಗ್ ಬಗ್ಗೆಯೇ ಓದಿದವರು. ಪುಕ್ಕಟೆ ಪಾರ್ಕಿಂಗ್ ಹುಡುಕುತ್ತಾ ಸುತ್ತುವ ಕಾರುಗಳೇ ಪೇಟೆಯ ಟ್ರಾಫಿಕ್ಕಿನ ಒಂದು ದೊಡ್ಡ ಪಾಲು ಅಂತ ಅವರು ತೋರಿಸಿಕೊಟ್ಟರು. ಕ್ಯಾಲಿಫೋರ್ನಿಯಾದ ಪಾಸಡೀನಾ ಊರಿನ ಹಳೇ ಪೇಟೆ ಪಾಳು ಬಿದ್ದ ಹಾಗಿತ್ತು. 1993ರಲ್ಲಿ ಅಲ್ಲಿ ರಸ್ತೆ ಬದಿಗೆ ಮೀಟರ್ ಹಾಕಿದರು. ಗಿರಾಕಿ ಬರುವುದಿಲ್ಲ ಅಂತ ಅಂಗಡಿಯವರು ಮೊದಲು ಒಪ್ಪಲಿಲ್ಲ. ಬಂದ ದುಡ್ಡನ್ನು ಇದೇ ರಸ್ತೆಯ ಫುಟ್‌ಪಾತು, ದೀಪ, ಮರಕ್ಕೆ ಹಾಕುತ್ತೇವೆ ಅಂದ ಮೇಲೆ ಒಪ್ಪಿದರು. ಆ ಪೇಟೆ ಮತ್ತೆ ಎದ್ದು ನಿಂತಿತು. ಅಷ್ಟು ದೂರ ಯಾಕೆ, ನಮ್ಮ ಬ್ರಿಗೇಡ್ ರಸ್ತೆಯಲ್ಲಿ ಅಂಗಡಿಯವರ ಸಂಘವೇ ಮುಂದೆ ನಿಂತು ಪೇ ಪಾರ್ಕಿಂಗ್ ನಡೆಸಿ ತೋರಿಸಿದೆ. 2021ರಲ್ಲಿ ಒಪ್ಪಿಗೆಯಾದ ಬೆಂಗಳೂರಿನ ಪಾರ್ಕಿಂಗ್ ನೀತಿಯೂ ಪುಕ್ಕಟೆ ಪಾರ್ಕಿಂಗ್ ಬಿಡಿ ಅಂತಲೇ ಹೇಳುತ್ತೆ. ಕಾಗದದಲ್ಲಿ ಇರುವುದನ್ನು ನಮ್ಮ ಗಲ್ಲಿಗೆ ತರಿಸಬೇಕು. ದುಡ್ಡು ಮಾತ್ರ ಗಲ್ಲಿಗೇ ಖರ್ಚಾಗಬೇಕು, ಅದರಲ್ಲಿ ರಾಜಿ ಬೇಡ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ ವಿಷಯ. ಇಡೀ ಕರ್ನಾಟಕದಲ್ಲಿ ಜನ ಬಂದು ಸೇರಲು ನಮ್ಮ ಗಾಂಧಿನಗರಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಸಿಟಿ ಬಸ್ ಸ್ಟ್ಯಾಂಡ್, ಎದುರಿಗೆ ಊರಿನ ಬಸ್ಸುಗಳು, ಆ ಕಡೆ ರೈಲ್ವೆ ಸ್ಟೇಷನ್, ಕೆಳಗೆ ನೇರಳೆ ಮತ್ತು ಹಸಿರು ಎರಡೂ ಮೆಟ್ರೋ ಮಾರ್ಗ ಸೇರುವ ನಾಡಪ್ರಭು ಕೆಂಪೇಗೌಡ ನಿಲ್ದಾಣ. ವೈಟ್‌ಫೀಲ್ಡಿನ ಮಾಲಿನವರು ಇದರಲ್ಲಿ ಕಾಲು ಭಾಗ ಸಿಕ್ಕಿದ್ದರೂ ಕುಣಿದಾಡುತ್ತಿದ್ದರು. ಇಂಥ ಜಾಗದಲ್ಲಿ ಕಟ್ಟುವ ಚಿತ್ರಮಂದಿರಕ್ಕೆ ಜನ ಕಾರಿನಲ್ಲಿ ಯಾಕೆ ಬರಬೇಕು?

ಯಾಕೆ ಬರುತ್ತಾರೆ ಅಂತ ತಿಳಿಯಲು ಹೋದ ತಿಂಗಳು ನನ್ನ ಮಗಳ ಜೊತೆ ಮೆಟ್ರೋ ಇಳಿದು ಕೆ.ಜಿ. ರಸ್ತೆಗೆ ನಡೆದೆ. ರಾತ್ರಿ ಎಂಟು ಗಂಟೆ. ಐದು ನೂರು ಮೀಟರ್ ಚಿಲ್ಲರೆ ಅಷ್ಟೇ. ಸಬ್‌ವೇಯಲ್ಲಿ ಮೊಬೈಲ್ ಕವರ್, ಬೆಲ್ಟು, ಹೂವು ಮಾರುವವರ ನಡುವೆ ಭುಜ ಓರೆ ಮಾಡಿಕೊಂಡು ಹೋಗಬೇಕು. ಅವರ ಮೇಲೆ ನನಗೆ ಕೋಪವಿಲ್ಲ, ಅವರಿರುವುದರಿಂದಲೇ ಅಲ್ಲಿ ಬೆಳಕಿದೆ, ಮಗಳು ಧೈರ್ಯವಾಗಿ ನಡೆದಳು. ಮೇಲೆ ಹತ್ತಿದ ಮೇಲೆ ಕಷ್ಟ ಶುರು. ಫುಟ್‌ಪಾತಿನ ಒಂದು ಚಪ್ಪಡಿ ಕುಸಿದಿತ್ತು, ಅದಕ್ಕೆ ಯಾರೋ ಪುಣ್ಯಾತ್ಮರು ಬಾಳೆ ಎಲೆಯ ದಂಟು ನೆಟ್ಟು ಗುರುತು ಮಾಡಿದ್ದರು. ಮುಂದೆ ಕರೆಂಟಿನ ಪೆಟ್ಟಿಗೆ ಫುಟ್‌ಪಾತಿನ ಪೂರ್ತಿ ಅಗಲಕ್ಕೆ. ಅಲ್ಲಿ ರಸ್ತೆಗೆ ಇಳಿಯಬೇಕು, ಬಸ್ಸಿನ ಪಕ್ಕಕ್ಕೆ. ಮತ್ತೆ ಹತ್ತಿದರೆ ಬೈಕುಗಳು. ಮಗಳು ಲೆಕ್ಕ ಹಾಕಿದಳು, ಏಳು ಸಲ ನಾವು ಫುಟ್‌ಪಾತಿನಿಂದ ರಸ್ತೆಗೆ ಇಳಿದು ಹತ್ತಿದೆವು. ಸೀರೆ ಉಟ್ಟ ಅಜ್ಜಿ ಏಳು ಸಲ ಇಳಿದು ಹತ್ತುತ್ತಾರಾ? ಅವರ ಮಗ ಕಾರು ತೆಗೆದೇ ತೆಗೆಯುತ್ತಾನೆ. ಹೀಗೆ ಮುರಿದ ಒಂದೊಂದು ಚಪ್ಪಡಿಯೂ ಬೇಸ್‌ಮೆಂಟಿಗೆ ಒಂದೊಂದು ಕಾರು ಕಳಿಸುತ್ತಿದೆ.

ಕೋಟಿಗಟ್ಟಲೆ ಸುರಿದು ಬೇಸ್‌ಮೆಂಟಿನ ಇನ್ನೊಂದು ಅಂತಸ್ತು ಅಗೆಯುವ ಬದಲು ಆ ದುಡ್ಡಿನ ಒಂದು ಪಾಲನ್ನು ಈ ಐದು ನೂರು ಮೀಟರಿಗೆ ಹಾಕಿ ಅಂತ ನಾವು ಯಾಕೆ ಕೇಳಬಾರದು? ಪಾಲಿಕೆಯವರೂ ಕಟ್ಟುವವರೂ ಸೇರಿ ಕೂತರೆ ಇದು ಆಗುವ ಕೆಲಸ.

ಬೈಕಿನ ಬಗ್ಗೆಯೂ ಹೇಳಬೇಕು. ನಮ್ಮ ಊರಿನ ಗಾಡಿಗಳಲ್ಲಿ ಜಾಸ್ತಿ ಇರುವುದು ಎರಡು ಚಕ್ರದವು. ನಮ್ಮ ಗೇಟಿಗೆ ಅಡ್ಡ ನಿಲ್ಲುವುದೂ ಹೆಚ್ಚಾಗಿ ಅವೇ. ಒಂದು ಕಾರಿನ ಚೌಕಟ್ಟಿನಲ್ಲಿ ನಾಲ್ಕೈದು ಬೈಕು ನಿಲ್ಲುತ್ತವೆ. ಆದರೆ ಹೊಸ ಕಟ್ಟಡಗಳಲ್ಲಿ ಬೈಕಿನವರನ್ನು ಎಲ್ಲಕ್ಕಿಂತ ಕೆಳಗಿನ ಅಂತಸ್ತಿಗೆ ಕಳಿಸುತ್ತಾರೆ, ಒದ್ದೆ ಇಳಿಜಾರಿನಲ್ಲಿ ಮೂರು ಸುತ್ತು. ಅದಕ್ಕೆ ಇಪ್ಪತ್ತೋ ಮೂವತ್ತೋ ಬೇರೆ ಕೊಡಬೇಕು. ಟಿಕೆಟ್ಟಿಗೇ ಯೋಚನೆ ಮಾಡುವ ಹುಡುಗ ಅಲ್ಲಿಗೆ ಹೋಗುವುದಿಲ್ಲ, ನಮ್ಮ ಗಲ್ಲಿಗೆ ಬರುತ್ತಾನೆ. ನೆಲದ ಮಟ್ಟದಲ್ಲೇ, ಗೇಟಿನ ಪಕ್ಕದಲ್ಲೇ, ಕಡಿಮೆ ದುಡ್ಡಿಗೆ ಬೈಕಿನ ಸ್ಟ್ಯಾಂಡ್ ಕೊಡಿ. ಎರಡು ಗೇಟು ಇರಲಿ. ಹಳೇ ಸೈಕಲ್ ಸ್ಟ್ಯಾಂಡಿನ ಓಣಿ ಇನ್ನೂ ಇರುವ ಕಡೆ ಅದರ ಮೇಲೆ ಕಟ್ಟಡ ಏಳಿಸಬೇಡಿ. ನಮ್ಮ ಗಲ್ಲಿಯ ಮುಕ್ಕಾಲು ತೊಂದರೆ ಇಷ್ಟರಲ್ಲೇ ಕಡಿಮೆಯಾಗುತ್ತೆ ಅಂತ ನನ್ನ ನಂಬಿಕೆ.

ಆಟದ ಹೊತ್ತಿನ ಬಗ್ಗೆ ಒಂದು ಮಾತು. ಒಂದೇ ದೊಡ್ಡ ಪರದೆ ಇದ್ದಾಗ ಸಾವಿರ ಜನ ಒಟ್ಟಿಗೆ ಬಂದು ಒಟ್ಟಿಗೆ ಹೊರಡುತ್ತಿದ್ದರು. ಆರು ಸಣ್ಣ ಪರದೆ ಆದರೆ ಇಪ್ಪತ್ತು ನಿಮಿಷಕ್ಕೊಂದರಂತೆ ಆಟ ಶುರು ಮಾಡಬಹುದು, ಜನ ಹಂಚಿಹೋಗುತ್ತಾರೆ. ಇದು ಮಲ್ಟಿಪ್ಲೆಕ್ಸಿನಲ್ಲಿ ನಿಜವಾಗಿಯೂ ಇರುವ ಒಳ್ಳೆಯ ಗುಣ, ಒಪ್ಪಿಕೊಳ್ಳಬೇಕು. ಆದರೆ ರಾತ್ರಿ ಹತ್ತರ ಮೇಲೆ ಶುರುವಾಗುವ ಆಟ ಬಿಡುವಾಗ ಕೊನೆಯ ಮೆಟ್ರೋ ಹೋಗಿರುತ್ತೆ. ಅವರೆಲ್ಲ ಸ್ವಂತ ಗಾಡಿಯಲ್ಲೇ ಬರಬೇಕು. ಕೊನೆಯ ಆಟ ಹನ್ನೊಂದರೊಳಗೆ ಬಿಡುವ ಹಾಗೆ ಮಾಡಿ, ಇಲ್ಲವಾದರೆ ಶನಿವಾರ ಭಾನುವಾರ ಬಸ್ಸಿಗೆ ವ್ಯವಸ್ಥೆ ಮಾಡಿ ಅಂತ ಕೇಳಬಹುದು. ಚಿತ್ರಮಂದಿರಗಳಿಗೆ ಲೈಸೆನ್ಸ್ ಬರುವುದು 1964ರ ಕರ್ನಾಟಕದ ಸಿನಿಮಾ ನಿಯಂತ್ರಣ ಕಾಯ್ದೆಯ ಕೆಳಗೆ. ಕಟ್ಟಡದ ಪ್ಲಾನಿಗೆ ಪಾಲಿಕೆ, ಆಟಕ್ಕೆ ಲೈಸೆನ್ಸ್ ಕೊಡುವವರು ಬೇರೆ. ನಾವು ಇಲ್ಲಿಯವರೆಗೆ ಪಾಲಿಕೆಗೆ ಮಾತ್ರ ಅರ್ಜಿ ಹಾಕುತ್ತಾ ಬಂದಿದ್ದೇವೆ. ಇನ್ನು ಎರಡೂ ಕಡೆ ಹಾಕೋಣ.

ಕೊನೆಗೆ ಇನ್ನೊಂದು ಬೇಡಿಕೆ, ಇದು ನನ್ನ ಆಸೆಯೂ ಹೌದು. ಒಡೆದರೂ ಅಲ್ಲಿ ಸಿನಿಮಾ ಉಳಿಯಬೇಕು. ಮುಂಬೈ ಕಡೆ ಚಿತ್ರಮಂದಿರದ ಜಾಗದಲ್ಲಿ ಬೇರೆ ಏನೇ ಕಟ್ಟಿದರೂ ಹಿಂದೆ ಇದ್ದ ಸೀಟುಗಳಲ್ಲಿ ಒಂದು ಪಾಲು ಉಳಿಸಬೇಕು ಅನ್ನುವ ನಿಯಮ ಇದೆ. ಅದು ಹೊರೆ ಅಂತ ಅಲ್ಲಿನ ಮಾಲೀಕರು ಹೇಳುತ್ತಾ ಬಂದಿದ್ದಾರೆ, ಅವರ ಕಷ್ಟವೂ ಸುಳ್ಳಲ್ಲ. ಇಲ್ಲಿ ನಿಯಮ ಬೇಕೋ, ತೆರಿಗೆಯಲ್ಲಿ ರಿಯಾಯಿತಿ ಕೊಟ್ಟು ಒಪ್ಪಿಸುವುದೋ, ಕೂತು ಮಾತಾಡಬಹುದು. ನನಗೆ ಹೊಳೆಯುವುದು ಒಂದು ದಾರಿ. ಕಾರಿನ ಸಂಖ್ಯೆ ಕಡಿಮೆ ಮಾಡಿ, ಆ ಉಳಿತಾಯಕ್ಕೆ ಬದಲಾಗಿ ಕಡಿಮೆ ಟಿಕೆಟ್ಟಿನ ಒಂದು ಪರದೆ ಇಡಿ ಅಂತ ಕೇಳುವುದು. ಊರಿನ ಬಸ್ಸಿಗೆ ಕಾಯುವವರು, ಹೋಟೆಲ್ ಕೆಲಸ ಮುಗಿಸಿದ ಹುಡುಗರು ಒಳಗೆ ಬರುವ ಹಾಗೆ. ಅವರಿಗೆ ಪಾರ್ಕಿಂಗ್ ಬೇಕಾಗಿಯೇ ಇಲ್ಲ. ಕಟ್ಟುವವರಿಗೂ ಒಂದು ಅಂತಸ್ತು ಅಗೆಯುವ ಖರ್ಚು ಉಳಿಯುತ್ತೆ.

ಇದಕ್ಕೆಲ್ಲ ನಮ್ಮ ಕೈಯಲ್ಲಿ ಲೆಕ್ಕ ಇರಬೇಕು. ಜನ ಹೇಗೆ ಬರುತ್ತಾರೆ ಅಂತ ಇಲ್ಲಿಯವರೆಗೆ ನಾವ್ಯಾರೂ ಎಣಿಸಿಲ್ಲ. ಬರುವ ಶನಿವಾರ ಸಂಜೆ ಐದರಿಂದ ಎಂಟರವರೆಗೆ ಎಣಿಸೋಣ. ಒಂದೊಂದು ಗೇಟಿಗೆ ಇಬ್ಬರು, ಒಂದೊಂದು ಗಲ್ಲಿಯ ಬಾಯಿಗೆ ಇಬ್ಬರು. ಹಾಳೆಯಲ್ಲಿ ಐದು ಕಾಲಂ ಎಳೆದಿದ್ದೇನೆ, ನಡೆದು ಬಂದವರು, ಆಟೋ ಕ್ಯಾಬಿನಲ್ಲಿ ಬಂದವರು, ಬೈಕು, ಕಾರು, ಮತ್ತೆ ಗಾಡಿ ನಿಲ್ಲಿಸಲು ಜಾಗ ಹುಡುಕುತ್ತಾ ಎರಡನೇ ಸಲ ಸುತ್ತಿ ಬಂದವರು. ಯಾರ ಹೆಸರೂ ಬೇಡ, ಗಾಡಿ ನಂಬರೂ ಬೇಡ, ಸುಮ್ನೆ ಗೀಟು ಹಾಕಿದರೆ ಸಾಕು. ಕಾಲೇಜಿನ ಮಕ್ಕಳು ಬಂದರೆ ಇನ್ನೂ ಒಳ್ಳೆಯದು, ಅವರ ಕಣ್ಣು ಚುರುಕು. ಹಾಳೆಗಳು ಬಾಗಿಲ ಹತ್ತಿರದ ಮೇಜಿನ ಮೇಲಿವೆ, ಪಕ್ಕದಲ್ಲಿ ಹೆಸರು ಬರೆಯುವ ಪುಸ್ತಕ ಇದೆ. ಉಪ್ಪಾರಪೇಟೆ ಸ್ಟೇಷನ್ ಕಡೆಯ ಮೂಲೆಗೆ ಇನ್ನೂ ಇಬ್ಬರು ಬೇಕು, ಅಲ್ಲಿ ನಿಲ್ಲುವುದು ಕಷ್ಟ, ಹೊಗೆ ಜಾಸ್ತಿ. ನಾನು ಅಲ್ಲೇ ಇರುತ್ತೇನೆ, ನನ್ನ ಜೊತೆ ಯಾರು ಬರುತ್ತೀರಿ?